ಸುಣ್ಣ ಹಚ್ಚದ ಚೌಕ

ಸೂಜಿಗಳು ಕುದಿಯುತ್ತಿದ್ದವು. ಪಾತ್ರೆಯ ತಳದಲ್ಲಿ ಅವು ಒಂದಕ್ಕೊಂದು ತಾಗಿ ಕಿಣಿಕಿಣಿಸುವ ಸದ್ದನ್ನು ನರ್ಸು ವತ್ಸಲಾಬಾಯಿ ಹದಿನಾರು ವರ್ಷಗಳಿಂದ ಕೇಳುತ್ತ ಬಂದವಳು. ಕೇಳುತ್ತಿದ್ದೇನೆ ಎಂಬುದೇ ಮರೆಯುವಷ್ಟು ರೂಢಿಯಾಗಿತ್ತು. ಇವತ್ತು ಮಾತ್ರ ಅದು ತಲೆಯೊಳಗೆ ಹೊಕ್ಕು ಕೂತಂತಿತ್ತು. ಇಪ್ಪತ್ತು ನಿಮಿಷ ಕುದಿಸಬೇಕು. ಕೈಗಡಿಯಾರ ನೋಡಿದಳು, ಆರು ನಿಮಿಷವಾಗಿತ್ತು. ಸ್ಟೋವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಇವತ್ತು ಯಾವ ಬಸುರಿಗೆ ಸೂಜಿ ಹಾಕಬೇಕು, ಯಾರ ಕೂಸಿಗೆ ಪೋಲಿಯೋ ಹನಿ ಹಾಕಬೇಕು ಎಂದು ಓಣಿಯ ಮನೆಗಳನ್ನು ಒಂದೊಂದಾಗಿ ನೆನೆಯುತ್ತ ಹೋದಳು. ಮಠದ ಹಿಂದಿನ ಮನೆ, ಕಂಬಾರರ ಮನೆ, ಹೊಳೆಯ ದಾರಿಗೆ ಹತ್ತಿದ ಎರಡು ಗುಡಿಸಲು. ಕಸ್ತೂರಿಬಾಯಿಯ ಕಲ್ಲಿನ ದೊಡ್ಡ ಮನೆಯ ಹತ್ತಿರ ಬಂದಾಗ ಮನಸ್ಸು ಯಾವಾಗಿನಂತೆ ಅಡ್ಡ ಓಣಿ ಹಿಡಿದು ಮುಂದಿನ ಮನೆಗೆ ಹೋಯಿತು.

ಆ ಮನೆಗೆ ಹೋಗದೆ ಒಂಬತ್ತು ತಿಂಗಳಾಗಿತ್ತು. ಹೋಗದಿರುವುದಕ್ಕೆ ಕಾಗದದ ಮೇಲೆ ಯಾವ ತಪ್ಪೂ ಇರಲಿಲ್ಲ. ಬಸುರಿ ಇದ್ದ ಮನೆಗೆ ಹೋಗಬೇಕು, ಬಾಣಂತಿ ಇದ್ದ ಮನೆಗೆ ಹೋಗಬೇಕು, ಐದು ವರ್ಷದೊಳಗಿನ ಕೂಸಿದ್ದ ಮನೆಗೆ ಹೋಗಬೇಕು. ಆ ಮನೆಯಲ್ಲಿ ಈಗ ಮೂರೂ ಇರಲಿಲ್ಲ.

ಮದೀನಾಬಿ ಬಂದು ಹೊಸ್ತಿಲ ಮೇಲೆ ಕೂತಳು. ಊರಿನ ಸೂಲಗಿತ್ತಿ. ಊರಿನ ಅರ್ಧ ಮಂದಿಯ ಹೊಕ್ಕಳಬಳ್ಳಿ ಕೊಯ್ದವಳು. ತರಬೇತಿಯಲ್ಲಿ ಬ್ಲೇಡು ದಾರ ಇಟ್ಟುಕೊಳ್ಳಲೆಂದು ಕೊಟ್ಟ ಅಲ್ಯೂಮಿನಿಯಂ ಡಬ್ಬಿಯಲ್ಲಿ ಈಗ ಎಲೆ ಅಡಿಕೆ ಇಡುವವಳು. ಆ ಡಬ್ಬಿ ತೆಗೆದು ಎಲೆಗೆ ಸುಣ್ಣ ಸವರುತ್ತ, ನೆಲ ನೋಡಿಕೊಂಡೇ ಹೇಳಿದಳು:

"ಕಸ್ತೂರಿಬಾಯಿ ಅಕ್ಕಾರು ಹೇಳಿ ಕಳಸ್ಯಾರ್ರಿ. ಮಧ್ಯಾನ ಬರಬೇಕಂತ. ನಿಂಬರ್ಗಾದಿಂದ ಸೊಸಿ ಅಪ್ಪ ಬಂದಾನ, ನಾಗಣ್ಣ. ಇವತ್ತ ಇತ್ಯರ್ಥ ಮಾಡಿ ಬಿಡ್ತಾರಂತ."

"ಅವರ ಮನಿ ಇತ್ಯರ್ಥಕ್ಕ ನಾ ಯಾಕ ಬೇಕು?"

"ಪಂಚರು ಬ್ಯಾಡ, ಬಾಯಾರು ಒಬ್ರು ಬಂದು ಹೌದು ಅಂದ್ರ ಸಾಕು ಅಂದ್ರು. ಹೌದು ಅಂದ ಬರ್ರಿ. ಚಹಾ ಆರೂದ್ರಾಗ ಮುಗೀತದ."

"ನಿನಗ ಗೊತ್ತದಲ್ಲ, ಮದೀನಾಬಿ."

"ನನಗೇನ ಗೊತ್ತಿಲ್ರಿ. ನಾ ಅವತ್ತ ಜೀಪಿನ್ಯಾಗ ಕುಂತಿದ್ದೆ. ಜೀಪಿನ್ಯಾಗ ಕುಂತಾಕಿಗಿ ಏನ ಕಾಣ್ತದ? ಡ್ರೈವರನ ಬೆನ್ನ ಕಾಣ್ತದ." ಎಲೆಯನ್ನು ದವಡೆಗೆ ಒತ್ತಿದಳು. "ನಿಮ್ಮ ನೌಕರಿ ಹೋದ್ರ ಸರಕಾರ ಇನ್ನೊಬ್ಬಾಕಿಗಿ ಕಳಸ್ತದ. ಇಪ್ಪತ್ತೆರಡರ ಪೋರಿ ಬರ್ತಾಳ, ನನಗ ಮುದುಕಿ ಅಂತಾಳ. ನೀವ ಇರ್ರಿ. ನಿಮಗೂ ನನಗೂ ಹೊಂದಿಕಿ ಆಗೇದ."

ವತ್ಸಲಾಬಾಯಿ ನಗಲಿಲ್ಲ. ಮದೀನಾಬಿ ನಗಿಸಲೆಂದೇ ಹೇಳಿದ್ದಳು. ನಗದ್ದನ್ನು ನೋಡಿ ಎದ್ದು ಹೋದಳು. ಸೂಜಿಗಳು ಇಪ್ಪತ್ತು ನಿಮಿಷ ದಾಟಿ ಇನ್ನೂ ಹತ್ತು ನಿಮಿಷ ಕುದಿದವು.

ಮಧ್ಯಾಹ್ನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಅವಳಿದ್ದ ಊರು ಮಣ್ಣೂರು ದಾಟಿ ಹೊಳೆಗುಂಟ ಎರಡು ಮೈಲಿ ನಡೆದರೆ ಸಿಗುವಂಥದು. ದೀಪಾವಳಿ ಕಳೆದು ವಾರವಾಗಿತ್ತು. ಊರ ಹೊರಗೆ ತೊಗರಿ ಹೂ ಬಿಟ್ಟಿತ್ತು, ಬಿಳಿಜೋಳ ಮೊಣಕಾಲುದ್ದ ಎದ್ದು ನಿಂತಿತ್ತು. ಒಂಬತ್ತು ತಿಂಗಳ ಹಿಂದೆ, ಸುಗ್ಗಿಯಲ್ಲಿ, ಇದೇ ಹೊಲಗಳು ಬರಿದಾಗುತ್ತಿದ್ದ ದಿನವದು, ಊರಿನಲ್ಲಿ ಒಂದು ಆಳೂ ಇರಲಿಲ್ಲ, ಎಲ್ಲರೂ ಜೋಳ ಕೀಳಲು ಹೋಗಿದ್ದರು, ಬೇವಿನ ಗಿಡದ ಕೆಳಗೆ ಜೀಪು ನಿಂತು ಹಾರ್ನು ಹೊಡೆಯುತ್ತಿತ್ತು. ಜೀಪಿನಲ್ಲಿ ಮದೀನಾಬಿಯ ಜೊತೆ ಇಬ್ಬರು ಹೆಂಗಸರು. ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಕ್ಯಾಂಪಿಗೆ ಅವರನ್ನು ಒಪ್ಪಿಸಿ ಕೂರಿಸುವಷ್ಟರಲ್ಲಿ ವತ್ಸಲಾಬಾಯಿಗೆ ಎರಡು ತಿಂಗಳು ಹಿಡಿದಿತ್ತು. ಒಬ್ಬಳು ಆಗಲೇ ಅಳಲು ಶುರುಮಾಡಿದ್ದಳು, ಇನ್ನೊಬ್ಬಳು ಮನೆಗೆ ಹೋಗಿ ನಾಳೆ ಬರುತ್ತೇನೆ ಎನ್ನುತ್ತಿದ್ದಳು. ನಾಳೆ ಬರುತ್ತೇನೆ ಎಂದವರು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತು. ಅದರ ಹಿಂದಿನ ತಿಂಗಳ ಸಭೆಯಲ್ಲಿ ಆಪರೇಷನ್ನಿಗೆ ಕೇಸು ತಾರದವರನ್ನು ಎದ್ದು ನಿಲ್ಲಿಸಿದ್ದರು. ನಲವತ್ತೊಂದು ವರ್ಷದ ಅವಳು, ನಿನ್ನೆ ಮೊನ್ನೆ ಟ್ರೇನಿಂಗು ಮುಗಿಸಿ ಬಂದ ಹುಡುಗಿಯರ ನಡುವೆ ನಿಂತು, ಉಂಗುಷ್ಟ ಕಿತ್ತ ಚಪ್ಪಲಿಯ ಕಾಲನ್ನು ಇನ್ನೊಂದು ಕಾಲಿನ ಹಿಂದೆ ಮರೆಮಾಡಿಕೊಂಡಿದ್ದಳು. "ಬಾಯಾರ, ನಿಮಗ ದಣಿವಾಗೇದ, ಮನ್ಯಾಗ ಆರಾಮ ಇದ್ದ ಬಿಡ್ರಿ," ಎಂದಿದ್ದರು ಮೇಲಿನವರು, ಎಲ್ಲರೂ ನಕ್ಕಿದ್ದರು. ಹುಡುಗಿಯರಲ್ಲಿ ಒಬ್ಬಳು ಮಾತ್ರ ನಕ್ಕಿರಲಿಲ್ಲ. ನಕ್ಕವರ ಮುಖಗಳನ್ನು ಮರೆತಿದ್ದಳು, ನಗದವಳ ಮುಖ ಮಾತ್ರ ಮನಸ್ಸಿನಲ್ಲಿ ಇನ್ನೂ ಉರಿಯುತ್ತಿತ್ತು.

ಜೀಪಿನಿಂದ ಇಳಿದು ಕಸ್ತೂರಿಬಾಯಿಯ ಮನೆಗೆ ಓಡುನಡಿಗೆಯಲ್ಲಿ ಹೋಗಿದ್ದಳು. ಅಲ್ಲಿಯ ಸೊಸೆಗೆ ಹೆರಿಗೆಯಾಗಿ ಅಂದಿಗೆ ಮೂರನೆಯ ದಿನ. ಮೂರನೆಯ ದಿನ ಬಾಣಂತಿಯನ್ನೂ ಕೂಸನ್ನೂ ನೋಡಲೇಬೇಕು. ಬಾಗಿಲು ಅರ್ಧ ತೆರೆದಿತ್ತು, ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಆ ಮನೆಯ ಕಟ್ಟುಪಾಡು ಅವಳಿಗೆ ಗೊತ್ತಿತ್ತು: ಹೊರಗಿನಿಂದ ಬಂದವರು ಕಾಲು ತೊಳೆಯಬೇಕು, ಕೆಂಡದ ಮೇಲಿನ ಲೋಬಾನದ ಹೊಗೆಗೆ ಮೈಯೊಡ್ಡಬೇಕು, ಕಾಲು ಒಣಗುವ ತನಕ ಪಡಸಾಲೆಯಲ್ಲಿ ಕೂರಬೇಕು, ಆಮೇಲೆ ಗೋಣಿತಟ್ಟಿನ ಪರದೆ ಸರಿಸಿ ಬಾಣಂತಿ ಕೋಣೆಗೆ ಹೋಗಬೇಕು. ನರ್ಸಾದರೂ ಅಷ್ಟೇ, ಡಾಕ್ಟರಾದರೂ ಅಷ್ಟೇ. ಅದಕ್ಕೆ ಹತ್ತು ನಿಮಿಷ, ಕೂಸನ್ನು ನೋಡುವುದಕ್ಕೆ ಹತ್ತು. ಹಾರ್ನು ಮತ್ತೆ ಕೇಳಿಸಿತು. ಅಳುತ್ತಿದ್ದವಳು ಇಳಿದುಬಿಟ್ಟರೆ ಇನ್ನೊಬ್ಬಳೂ ಇಳಿಯುತ್ತಾಳೆ. ನಾಳೆ ಬಂದು ನೋಡಿದರಾಯಿತು ಎಂದುಕೊಂಡಳು. ಬಾಗಿಲ ಪಕ್ಕದ ಗೋಡೆಯ ಮೇಲೆ ಮಲೇರಿಯಾದವರು ಗೇರುಬಣ್ಣದಲ್ಲಿ ಬರೆದಿದ್ದ ಚೌಕವಿತ್ತು. ಮನೆಗೆ ಭೇಟಿಕೊಟ್ಟ ತಾರೀಖನ್ನು ಅದರೊಳಗೆ ನೀಲಿ ಪೆನ್ಸಿಲಿನಿಂದ ಬರೆದು ಸಹಿ ಮಾಡುವುದು ಅವಳ ಪದ್ಧತಿ. ಮೇಲಿನವರು ತಪಾಸಣೆಗೆ ಬಂದರೆ ಗೋಡೆ ನೋಡುತ್ತಾರೆ. ಹೆಂಗಸರು ಮರೆತು ಏನೇನೋ ಹೇಳಬಹುದು, ಗೋಡೆ ಹಾಗಲ್ಲ ಎಂದು ಟ್ರೇನಿಂಗಿನಲ್ಲಿ ಕಲಿಸಿದ್ದರು. 19-2-85 ಎಂದು ಬರೆಯುತ್ತಿದ್ದಳು. ಆಗ ಒಳಗಿನಿಂದ ದನಿ ಬಂದಿತ್ತು.

ನೆನಪು ಪ್ರತಿಸಲವೂ ಅಲ್ಲಿಗೆ ನಿಲ್ಲುತ್ತಿತ್ತು. ಅದರ ಮುಂದಿನದನ್ನು ಅವಳು ತನಗೆ ತಾನೂ ಹೇಳಿಕೊಂಡಿರಲಿಲ್ಲ. ಕ್ಯಾಂಪು ಎರಡು ದಿನ ಅವಳನ್ನು ಅಲ್ಲೇ ಹಿಡಿದಿಟ್ಟಿತು. ಹೆರಿಗೆಯಾದ ಐದನೆಯ ದಿನ ಸಂಜೆ ಊರಿಗೆ ಬಂದಾಗ, ಐದೇಶಿಯ ಪೂಜೆಗೆಂದು ಸಾರಿಸಿದ್ದ ಆ ಮನೆಯ ಅಂಗಳದಲ್ಲಿ ಗಂಡಸರು ತಲೆ ಬಗ್ಗಿಸಿ ಕೂತಿದ್ದರು.

ಅಫಜಲಪುರದಲ್ಲಿ ಅಣ್ಣ ವಾಮನನ ಮನೆಯಿದೆ. ತಿಂಗಳಿಗೊಮ್ಮೆ ಹೋಗುತ್ತಾಳೆ. ಸ್ನಾನ ಮಾಡಿ ಅಡುಗೆಮನೆಗೆ ಬಾ ಎಂದು ಅಲ್ಲಿ ಯಾರೂ ಹೇಳುವುದಿಲ್ಲ; ಬಾಗಿಲಲ್ಲೇ ಅತ್ತಿಗೆ ನಗುತ್ತ ಟವೆಲು ತಂದು ಕೊಡುತ್ತಾಳೆ, ಚೀಲವನ್ನು ತಾನೇ ಎಡಗೈಯಲ್ಲಿ ಹಿಡಿದು ಹೊರಗಿನ ಗೂಟಕ್ಕೆ ತಗಲಿಸುತ್ತಾಳೆ. ಒಂದು ಸಲ ಊಟದ ನಡುವೆ ವತ್ಸಲಾಬಾಯಿ, "ವಾಮಣ್ಣಾ, ನನ್ನ ಕೈಲಿ ಒಂದು ತಪ್ಪಾಗೇದ," ಎಂದಿದ್ದಳು. ಅವನು ಅನ್ನಕ್ಕೆ ಸಾರು ಕಲೆಸುತ್ತ, "ಹೆರಿಗಿ ಮಾತು ಊಟದಾಗ ಬ್ಯಾಡವಾ," ಎಂದಿದ್ದ. ಹೇಳಬೇಕಾದ ಮಾತನ್ನು ಒಂದು ಸಲ ನುಂಗಿದರೆ ಎರಡನೆಯ ಸಲ ಅದು ತಾನಾಗಿಯೇ ಇಳಿಯುತ್ತದೆ. ಒಂಬತ್ತು ತಿಂಗಳಲ್ಲಿ ಅವಳಿಗೆ ಅದೂ ರೂಢಿಯಾಗಿತ್ತು.

ಕಸ್ತೂರಿಬಾಯಿಯ ಮನೆಯ ಮುಂದೆ ಬಂದು ನಿಂತಳು. ದೀಪಾವಳಿಗೆ ಸುಣ್ಣ ಹಚ್ಚಿದ ಗೋಡೆ ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಬಾಗಿಲ ಪಕ್ಕದಲ್ಲಿ ಮಾತ್ರ ಒಂದು ಚೌಕ ಹಳೆಯ ಮಣ್ಣುಬಣ್ಣದಲ್ಲೇ ಉಳಿದಿತ್ತು. ಸುತ್ತ ಒಂದು ಹನಿಯೂ ಸಿಡಿಯದ ಹಾಗೆ, ಕೈಯನ್ನು ಬಿಗಿಹಿಡಿದು ಯಾರೋ ಅಂಚು ಬಿಟ್ಟು ಹಚ್ಚಿದ್ದರು. ಮಧ್ಯದಲ್ಲಿ ಅವಳದೇ ಅಕ್ಷರ. ಅವಳು ಚೀಲದ ಪಟ್ಟಿಯನ್ನು ಹಿಡಿದುಕೊಂಡಳು. ತನ್ನ ಸಹಿ ಇಷ್ಟು ಚೆಂದವಾಗಿದೆ ಎಂದು ಅವಳಿಗೆ ಎಂದೂ ಅನಿಸಿರಲಿಲ್ಲ.

"ಬರ್ರಿ ಬಾಯಾರ, ಹೊರಗ ಯಾಕ ನಿಂತ್ರಿ?" ಕಸ್ತೂರಿಬಾಯಿ ಬಾಗಿಲಿಗೆ ಬಂದಿದ್ದಳು. ದಪ್ಪ ಕುಂಕುಮದ ಜಾಗದಲ್ಲಿ ವಿಭೂತಿ ಹಚ್ಚುವ, ಗಂಡ ಸತ್ತ ಮೇಲೆ ನಲವತ್ತು ಎಕರೆಯನ್ನು ಒಬ್ಬಳೇ ನಡೆಸಿದ ಹೆಂಗಸು. "ನಮ್ಮನಿ ದಾರಿನ ಮರತ ಬಿಟ್ರಿ ನೀವು. ಚೌಕ ನೋಡಿದ್ರಿಲ್ಲ? ಸುಣ್ಣ ಹಚ್ಚೂ ಆಳಿಗಿ ಹೇಳಿದ್ದೆ, ಅದಕ್ಕ ಕೈ ಹಚ್ಚೀದಿ ಅಂದ್ರ ನಿನ್ನ ಕೈ ಮುರೀತೇನಿ ಅಂತ."

ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ನಾಗಣ್ಣ ಅದರ ಮೇಲೆ ಕೂರದೆ, ಅಂಚಿಗೆ ಬರಿಯ ಫರಸಿ ಕಲ್ಲಿನ ಮೇಲೆ ಕೂತಿದ್ದ. ರುಮಾಲು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡಿದ್ದ. ಅವಳನ್ನು ಕಂಡು ಎದ್ದು ನಿಂತು ಕೈಮುಗಿದ. ಕಸ್ತೂರಿಬಾಯಿಯ ಮಗ ದೌಲತರಾಯ ಇರಲಿಲ್ಲ. ಬೆಳಗಿನ ಬಸ್ಸಿಗೇ ಅಫಜಲಪುರದ ಪೇಟೆಗೆ ಹೋಗಿದ್ದ. ಅವ್ವ ಏನು ಮಾಡುತ್ತಾಳೋ ಮಾಡಲಿ ಎಂಬ ಗಂಡಸರು ಹೋಗುವ ಹಾಗೆ. ಸೊಸೆ ಚಂದಮ್ಮ ಚಹಾ ತಂದಿಟ್ಟಳು. ವತ್ಸಲಾಬಾಯಿ ಅವಳ ಮುಖ ನೋಡಲಿಲ್ಲ, ಕೈ ನೋಡಿದಳು. ಬಳೆಗಳು ಮೊಣಕೈವರೆಗೆ ಜಾರುವಷ್ಟು ಕೈ ಸೊರಗಿತ್ತು. ರಕ್ತ ಕಡಿಮೆ ಇದೆ, ಕಬ್ಬಿಣದ ಗುಳಿಗೆ ಕೊಡಬೇಕು ಎಂದು ಮನಸ್ಸು ತನ್ನ ಪಾಡಿಗೆ ತಾನು ಲೆಕ್ಕ ಹಾಕಿತು. ಅದರ ಬಗ್ಗೆಯೂ ಅವಳಿಗೆ ನಾಚಿಕೆಯಾಯಿತು.

"ನಾ ಸುತ್ತಬಳಸಿ ಮಾತಾಡಾಕಿ ಅಲ್ರಿ," ಎಂದಳು ಕಸ್ತೂರಿಬಾಯಿ. "ತಾಯಿಲ್ಲದ ಹುಡುಗಿ ಅಂತ ಚೊಚ್ಚಲ ಬಾಣಂತನ ನಾನ ಮಾಡಿದೆ. ಯಾ ಅತ್ತಿ ಮಾಡ್ತಾಳ್ರಿ? ಕೂಸು ಹೋತು. ಇರೂದು ಹೋಗೂದು ನಮ್ಮ ಕೈಯಾಗಿಲ್ಲ, ಅದಕ್ಕ ನಾ ಒಂದ ಮಾತ ಅಂದಿಲ್ಲ ಆಕಿಗಿ. ಆದ್ರ ಬಾಯಾರು ಬಂದು ನೋಡೇ ಇಲ್ಲ ಅಂತಾಳ. ಏಳನೇತ್ತ ಪಾಸಾದಾಕಿ, ಗ್ವಾಡಿ ಮ್ಯಾಲಿಂದು ಓದಾಕ ಬರ್ತದ, ಓದೀನೂ ಬಂದಿಲ್ಲ ಅಂತಾಳ. ಒಂಬತ್ತ ತಿಂಗಳಾತು, ಹಿಡದ ಮಾತ ಬಿಡವಲ್ಲಳು. ನಾಳಿಗಿ ನಾ ಹಾಸಗಿ ಹಿಡದ್ರ ಇಂಥಾಕಿ ಕೈಯಾಗ ನೀರ ಹ್ಯಾಂಗ ಕುಡೀಲಿ? ಕೊಡದನ ಕೊಟ್ಟೇನಿ ಅಂತಾಳ."

"ಹಂಗನಬ್ಯಾಡ್ರಿ ಅಕ್ಕಾರ," ಎಂದ ನಾಗಣ್ಣ. "ಸಣ್ಣಾಕಿ. ಕೂಸ ಹೋದ ಸಂಕಟಕ್ಕ ಏನೋ ಅಂದಾಳ."

"ಅದಕ್ಕ ಬೀಗ್ರ, ನಿಮ್ಮ ಮುಂದನ ಕೇಳ್ತೇನಿ. ಬಾಯಾರು ಬಂದಾರ, ಆಕಿನೂ ನಿಂತಾಳ. ಬಾಯಾರು ಬಂದಿದ್ರು, ನಂದು ತಪ್ಪಾತು ಅನ್ಲಿ. ಇವತ್ತಿಗಿ ಮುಗೀತು, ಮಗಳಂಗ ನೋಡಕೋತೇನಿ. ಅನ್ಲಿಲ್ಲ ಅಂದ್ರ ನಿಮ್ಮ ಮಗಳಿಗಿ ಕರಕೊಂಡ ನಡೀರಿ. ನನ್ನ ಮಗಗ ಬ್ಯಾರೆ ಕಡಿ ನೋಡ್ತೇನಿ."

ನಾಗಣ್ಣ ಮಗಳ ಕಡೆಗೆ ತಿರುಗಿದ. ಮನೆಯಲ್ಲಿ ಹೆಂಗಸಿಲ್ಲದ, ಮಂದಿಯ ಹೊಲದಲ್ಲಿ ತೊಗರಿ ಕೊಯ್ಯಲು ಹೋಗುವ ಮುದುಕ ಅವನು. ಮರಳಿ ಬಂದ ಮಗಳನ್ನು ಯಾವ ಮೂಲೆಯಲ್ಲಿ ಕೂರಿಸಲಿ ಎಂಬುದು ಅವನ ಮುಖದ ಮೇಲೇ ಇತ್ತು. "ಅನ್ನು ನನ್ನವ್ವ," ಎಂದ. "ಬಾಯಾರು ಬಂದಿದ್ರು ಅನ್ನು. ಒಂದ ಮಾತಲ್ಲೇನ. ಅಂದ್ರ ಬಾಯೇನ ಸುಡೂದಿಲ್ಲ."

ಚಂದಮ್ಮ ಕಂಬಕ್ಕೆ ಆತು ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಹುಡುಗಿ ಈಗ ಬಂದಿದ್ದರು ಎನ್ನುತ್ತಾಳೆ ಎಂದು ವತ್ಸಲಾಬಾಯಿಗೆ ಅನಿಸಿತು; ಅನ್ನಲಿ ಎಂದು ಮನಸ್ಸಿನ ಯಾವುದೋ ಕೊಳಕು ಮೂಲೆ ಕೈಮುಗಿದು ಕೇಳಿಕೊಳ್ಳುತ್ತಿತ್ತು. ಅಂದರೆ ಎಲ್ಲ ಸರಿಹೋಗುತ್ತದೆ. ಹುಡುಗಿಗೆ ಮನೆ ಉಳಿಯುತ್ತದೆ, ಮುದುಕನಿಗೆ ನಿದ್ದೆ ಬರುತ್ತದೆ, ಸುಣ್ಣ ಹಚ್ಚಲು ಆ ಚೌಕವೂ ಸಿಗುತ್ತದೆ. ಯಾರಿಗೂ ಏನೂ ನಷ್ಟವಿಲ್ಲ. ಹೀಗೆ ಯಾರಿಗೂ ನಷ್ಟವಿಲ್ಲದ ಮಾತುಗಳಿಂದಲೇ ಅವಳ ರಜಿಸ್ಟರಿನ ಎಷ್ಟು ಪುಟಗಳು ತುಂಬಿಲ್ಲ!

"ಬಂದಿಲ್ಲ," ಎಂದಳು ಚಂದಮ್ಮ.

"ಕೇಳಿದ್ರಿಲ್ಲ?" ಕಸ್ತೂರಿಬಾಯಿ ನರ್ಸಿನ ಕಡೆ ನೋಡಿದಳು. "ಎದುರಿಗಿ ನಿಂತ ಅಂತಾಳ್ರಿ. ಹೇಳ್ರಿ ನೀವು."

ವತ್ಸಲಾಬಾಯಿ ಚಹಾದ ಬಟ್ಟಲನ್ನು ನೆಲಕ್ಕಿಟ್ಟಳು. ಅದು ಫರಸಿಗೆ ತಾಗಿ ಸದ್ದಾಯಿತು. ಆ ಸದ್ದಿನ ಮೇಲೆಯೇ ಮಾತು ಹೊರಬಂತು, ಯಾರೋ ಹಿಂದಿನಿಂದ ತಳ್ಳಿದ ಹಾಗೆ.

"ಆಕಿ ಖರೇ ಹೇಳ್ತಾಳ್ರಿ. ನಾ ಬಂದಿಲ್ಲ."

ಅವಳೇ ಮುಂದುವರಿದಳು. ಕ್ಯಾಂಪಿನ ಜೀಪು ನಿಂತಿತ್ತು ಎಂದಳು, ಹೆಂಗಸರು ಇಳಿದುಹೋಗುತ್ತಾರೆಂದು ಅವಸರ ಮಾಡಿದೆ ಎಂದಳು, ಬಾಗಿಲಲ್ಲಿ ನಿಂತು ತಾರೀಖು ಬರೆದು ಹೊರಳಿಹೋದೆ ಎಂದಳು. "ಒಳಗ ಕಾಲಿಟ್ಟಿಲ್ಲ. ಕೂಸಿನ ಮಾರಿ ನೋಡಿಲ್ಲ. ಬರದದ್ದು ಸುಳ್ಳು." ಒಂಬತ್ತು ತಿಂಗಳು ನುಂಗಿದ್ದು ಹೊರಬಿದ್ದರೆ ಆಕಾಶವೇ ಕಳಚೀತು ಎಂದುಕೊಂಡಿದ್ದಳು. ಹೇಳಿ ಮುಗಿಸುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಕಸ್ತೂರಿಬಾಯಿ ಅವಳನ್ನು ನೋಡುತ್ತಲೇ ಇದ್ದಳು. ಆಮೇಲೆ, ಹಟಮಾಡುವ ಕೂಸನ್ನು ನೋಡಿ ನಗುವಂತೆ, ಮೆಲ್ಲಗೆ ನಕ್ಕಳು.

"ನಿಮ್ಮ ಮನಸ ದೊಡ್ಡದ ಬಾಯಾರ. ಹುಡುಗಿ ಸಂಸಾರ ಮುರೀತದಂತ ಎಲ್ಲಾ ನಿಮ್ಮ ತಲೀ ಮ್ಯಾಲ ಹಾಕ್ಕೊಂಡ್ರಿ."

"ಅಲ್ರಿ ಅಕ್ಕಾರ, ಖರೇನ. ಮದೀನಾಬಿಗಿ ಕೇಳ್ರಿ."

"ಕೇಳೇನಿ. ಡ್ರೈವರನ ಬೆನ್ನ ನೋಡಾಕತ್ತಿದ್ದೆ ಅಂದ್ಲು."

ನಾಗಣ್ಣ ಬಗ್ಗಿ ನೆಲ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡ. "ಪರರ ಮಗಳ ಸಲುವಾಗಿ ನೌಕರಿ ಮ್ಯಾಲ ಕಲ್ಲ ಹಾಕ್ಕೊಳ್ಳಾಕತ್ರಿ. ನಿಮ್ಮಂಥಾರು ಇದ್ದದ್ದಕ್ಕ ಜಗ ನಡದದ್ರಿ ತಾಯಿ." ಅವನ ಕಣ್ಣಲ್ಲಿ ನೀರಿತ್ತು. ತನ್ನನ್ನು ಯಾರೂ ಹಿಂದೆಂದೂ ಇಷ್ಟು ಗೌರವದಿಂದ ಕಂಡಿರಲಿಲ್ಲ ಎಂದು ವತ್ಸಲಾಬಾಯಿಗೆ ಹೊಳೆಯಿತು. ನಿಜ ಹೇಳಿದರೆ ಬೈಯುತ್ತಾರೆ, ಓಣಿಯಲ್ಲಿ ಉಗಿಯುತ್ತಾರೆ, ಅಫಜಲಪುರಕ್ಕೆ ಅರ್ಜಿ ಬರೆಯುತ್ತಾರೆ ಎಂದೆಲ್ಲ ಹೆದರುತ್ತ ಅವಳು ರಾತ್ರಿಗಳನ್ನು ಕಳೆದಿದ್ದಳು. ನಂಬುವುದಿಲ್ಲ ಎಂದು ಒಂದು ಸಲವೂ ಅಂದುಕೊಂಡಿರಲಿಲ್ಲ. ಗೋಡೆಯ ಮೇಲಿನ ವತ್ಸಲಾಬಾಯಿ ಇಲ್ಲಿ ಕೂತ ವತ್ಸಲಾಬಾಯಿಗಿಂತ ಈ ಮನೆಯಲ್ಲಿ ಹೆಚ್ಚು ಬೇಕಾದವಳಾಗಿದ್ದಳು.

"ಅತ್ತಿ," ಎಂದಳು ಚಂದಮ್ಮ. ದನಿ ಏರಿರಲಿಲ್ಲ. "ಅವತ್ತ ಮುಂಜಾನಿ ನಿಮಗ ಹೇಳಿದ್ದೆ. ಕೂಸು ಬಾಯಿ ಹಚ್ಚವಲ್ದು, ಅಂಗಾಲು ತಣ್ಣಗಾಗ್ಯಾವ ಅಂತ. ಬಾಯಾರು ಬರ್ತಾರ, ನೋಡ್ತಾರ ಅಂತಂದು ನೀವು ಹೊಲಕ್ಕ ಹೋದ್ರಿ."

"ಬಂದು ನೋಡ್ಯಾರಲ್ಲ," ಎಂದಳು ಕಸ್ತೂರಿಬಾಯಿ. "ನೋಡಿ ಬರದಾರಲ್ಲ." ಹೇಳುತ್ತ ಹೇಳುತ್ತ ಅವಳ ಕೈ ಜಮಖಾನದ ಅಂಚನ್ನು ಸರಿಪಡಿಸುತ್ತಿತ್ತು. ಸರಿಯಿದ್ದುದನ್ನೇ ಮತ್ತೆ ಮತ್ತೆ ಸರಿಪಡಿಸುತ್ತಿತ್ತು. ವತ್ಸಲಾಬಾಯಿ ಆ ಕೈಯನ್ನು ನೋಡಿದಳು. ನೂರಾರು ಹೆರಿಗೆಗಳಲ್ಲಿ ಅತ್ತೆಯಂದಿರ, ತಾಯಂದಿರ ಕೈಗಳನ್ನು ನೋಡಿದವಳು ಅವಳು. ಬಾಯಿ ಏನು ಹೇಳಿದರೂ ಹೆದರಿದ ಕೈ ಏನನ್ನಾದರೂ ಮಡಚುತ್ತಿರುತ್ತದೆ, ಒರೆಸುತ್ತಿರುತ್ತದೆ. ಮೂರು ದಿನದ ಕೂಸು ಬಾಯಿ ಹಚ್ಚದಿದ್ದರೆ ಅದು ನಾಳೆಯವರೆಗೆ ಕಾಯುವ ಮಾತಲ್ಲ ಎಂಬುದು ನರ್ಸಿಗೆ ಗೊತ್ತು. ಐದು ಹೆತ್ತು ಎರಡನ್ನು ಕಳಕೊಂಡ ಕಸ್ತೂರಿಬಾಯಿಗೂ ಗೊತ್ತು.

ಚಂದಮ್ಮ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಈಗ ನರ್ಸು ಅವಳ ಮುಖವನ್ನು ನೋಡಲೇಬೇಕಾಯಿತು. ಅಲ್ಲಿ ಸಿಟ್ಟಿರಲಿಲ್ಲ. ಕಳಕೊಂಡ ವಸ್ತುವನ್ನು ಹುಡುಕುವವರ ಮುಖದಲ್ಲಿರುವಂಥ ಒಂದು ಬಗೆಯ ಗಡಿಬಿಡಿ ಇತ್ತು.

"ಬಾಯಾರ, ನಿಮಗೊಂದ ಕೇಳ್ತೇನಿ. ನಿದ್ದಿ ಹತ್ತಿತ್ತು ನಿನಗ ಅಂತಾರ ಎಲ್ಲಾರೂ. ಮೈ ಸುಡತಿತ್ತು, ಏನೇನೋ ಕೇಳ್ಸಿರಬೇಕು ಅಂತಾರ. ಇವರೂ ಹಂಗ ಅಂದ್ರು," ಎಂದು ಗಂಡನ ಹೆಸರು ಹೇಳದೆ ಹೊರಬಾಗಿಲ ಕಡೆ ತೋರಿಸಿದಳು. "ಹೊರಗ ಚಪ್ಪಲಿ ಸಪ್ಪಳಾತು. ನಾ ಬಾಯಾರ ಅಂತ ಕರದೆ. ಕರದೇನಿ ಅಂತ ನನಗ ಅನಸ್ತದ. ಒಮ್ಮೊಮ್ಮೆ ಕರದಿಲ್ಲೇನೋ, ಬಾಯಿ ಬಂದಿಲ್ಲೇನೋ ಅಂತನೂ ಅನಸ್ತದ. ಕರೀದನ ಸುಮ್ಮ ಮಲಗಿದ್ದೆನೇನೋ. ನಿಮಗ ಕೇಳಿತ್ತೇನ್ರಿ?"

ಇದನ್ನು ವತ್ಸಲಾಬಾಯಿ ಈಗಷ್ಟೇ ಹೇಳಿದ ತಪ್ಪೊಪ್ಪಿಗೆಯಿಂದ ಬಿಟ್ಟಿದ್ದಳು. ಬೇಕೆಂದು ಬಿಟ್ಟದ್ದೋ, ತಾನಾಗಿ ಬಿಟ್ಟುಹೋದದ್ದೋ ಅವಳಿಗೂ ತಿಳಿಯದು. ಅವಸರ ಒಂದು ತಪ್ಪು. ಯಾರಾದರೂ ಒಂದು ದಿನ ಕ್ಷಮಿಸಬಹುದಾದ ತಪ್ಪು. ಕೇಳಲಿಲ್ಲ ಎಂದರೆ ಅಲ್ಲಿಗೆ ನಿಲ್ಲುತ್ತದೆ. ಹೊರಗೆ ಯಾರೋ ಎತ್ತಿಗೆ ನೀರು ಕುಡಿಸುತ್ತ ಸಿಳ್ಳೆ ಹಾಕುತ್ತಿದ್ದರು. ಸಿಳ್ಳೆ ನಿಲ್ಲುವ ತನಕ ಅವಳು ಕಾದಳು.

"ಕೇಳಿತ್ತು," ಎಂದಳು.

ಚಂದಮ್ಮ ಕಣ್ಣು ಮಿಟುಕಿಸಲಿಲ್ಲ. "ಹಂಗಾದ್ರ ಕರದಿದ್ದೆ ನಾ," ಎಂದಳು, ಯಾರಿಗೂ ಅಲ್ಲ. "ಕರದಿದ್ದೆ." ಹೇಳುತ್ತ ಅಲ್ಲೇ ಕೂತು, ಮೊಣಕಾಲಿಗೆ ಹಣೆಯಿಟ್ಟು ಅಳತೊಡಗಿದಳು. ಸದ್ದಿಲ್ಲದ ಅಳು. ಅದರಲ್ಲಿ ಏನೋ ಒಂದು ನಿರಾಳವಿತ್ತು. ಜ್ವರ ಇಳಿಯುವಾಗ ಬೆವರು ಒಡೆಯುವುದಿಲ್ಲವೇ, ಹಾಗೆ. ಅವಳ ಬೆನ್ನಿನ ಮೇಲೆ ಕೈಯಿಡಬೇಕೆಂದು ವತ್ಸಲಾಬಾಯಿಗೆ ಅನಿಸಿತು. ಹದಿನಾರು ವರ್ಷದ ರೂಢಿಯಿಂದ ಕೈ ಮುಂದೂ ಹೋಯಿತು. ಆದರೆ ಆ ಅಳುವಿನಲ್ಲಿ ತನಗೆ ಜಾಗವಿಲ್ಲವೆಂದು ತಿಳಿದು ಕೈಯನ್ನು ಹಿಂದಕ್ಕೆಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ಚಂದಮ್ಮ ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು, ಮುಚ್ಚಿದ ಸದ್ದು. ಹೊರಗೆ ಬಂದಾಗ ಕೈಯಲ್ಲಿ ಒಂದು ಗಂಟಿತ್ತು, ಮುಖ ತೊಳೆದಿದ್ದಳು.

"ಅಪ್ಪಾ, ನಡಿ. ಬಸ್ಸಿಗಿ ಇನ್ನ ಹೊತ್ತದ. ನಡಕೋತ ಹೋಗೂನು ಮಣ್ಣೂರ ತನಕ."

ನಾಗಣ್ಣ ಗಾಬರಿಯಾದ. "ಅಕ್ಕಾರು ಇನ್ನ ಏನೂ ಅಂದಿಲ್ಲಬೇ."

"ಯಾರ ಹೋಗಂದಾರ ನಿನಗ?" ಎಂದಳು ಕಸ್ತೂರಿಬಾಯಿ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಯಾರೂ ಅಂದಿಲ್ರಿ, ಅತ್ತಿ."

ಬಗ್ಗಿ ಅತ್ತೆಯ ಕಾಲು ಮುಟ್ಟಿದಳು, ಹೊಸ್ತಿಲು ಮುಟ್ಟಿದಳು. ಒಂಬತ್ತು ತಿಂಗಳು ಈ ಮನೆಯಿಂದ ಹೊರಹಾಕುತ್ತಾರೆಂದು ಹೆದರಿ ಕೂತವಳು ಇಷ್ಟು ಸುಲಭವಾಗಿ ಮೆಟ್ಟಿಲಿಳಿದದ್ದನ್ನು ನೋಡಿ, ಅಪ್ಪ ರುಮಾಲು ಸುತ್ತಿಕೊಳ್ಳುವುದನ್ನೂ ಮರೆತು ಕೈಯಲ್ಲೇ ಹಿಡಿದುಕೊಂಡು ಹಿಂದೆ ಓಡಿದ. ನರ್ಸಿನ ಮುಂದೆ ಹಾದು ಹೋಗುವಾಗ ಚಂದಮ್ಮ ಅವಳನ್ನು ನೋಡಲಿಲ್ಲ. ನೋಡಬಾರದೆಂದಲ್ಲ. ನೋಡಬೇಕಾದ್ದು ಏನೂ ಉಳಿದಿರಲಿಲ್ಲ.

ವತ್ಸಲಾಬಾಯಿ ಚೀಲ ಎತ್ತಿಕೊಂಡಳು. ಇನ್ನೂ ನಾಲ್ಕು ಮನೆಗಳಿದ್ದವು.

"ಕುಂದರ್ರಿ," ಎಂದಳು ಕಸ್ತೂರಿಬಾಯಿ.

ಕೂತಳು. ಇಬ್ಬರ ನಡುವೆ ಆರಿದ ಚಹಾದ ಬಟ್ಟಲುಗಳಿದ್ದವು. ಮನೆ ತೀರ ದೊಡ್ಡದಾಗಿ ಕಂಡಿತು. ಒಳಗಿನ ಕೋಣೆಯ ಗೋಣಿತಟ್ಟು ತೆಗೆದು ಎಷ್ಟು ದಿನವಾಗಿತ್ತೋ, ಬಾಗಿಲು ಬರಿದಾಗಿತ್ತು. ಅಲ್ಲಿಂದ ಪಡಸಾಲೆಗೆ, ಪಡಸಾಲೆಯಿಂದ ಹೊರಬಾಗಿಲಿಗೆ ಹನ್ನೆರಡು ಹೆಜ್ಜೆ ಆಗಬಹುದು. ಹಸಿ ಬಾಣಂತಿಯ ದನಿ ಅಷ್ಟು ದೂರ ಬರಬೇಕಾದರೆ ಅವಳು ಎದ್ದು ಕೂತು, ಮೈಯಲ್ಲಿದ್ದ ಬಲವನ್ನೆಲ್ಲ ಕೂಡಿಸಿ ಕರೆದಿರಬೇಕು.

"ಮಗ ಸಂಜೀಕ ಬರ್ತಾನ," ಎಂದಳು ಕಸ್ತೂರಿಬಾಯಿ, ನೆಲವನ್ನು ನೋಡುತ್ತ. "ಕೇಳ್ತಾನ. ಓಣ್ಯಾಗ ಕೇಳ್ತಾರ. ನೀವು ಬಂದಿದ್ರಿ ಅಂತನ ಇರ್ಲಿ ಬಾಯಾರ. ನಿಮಗೂ ನೌಕರಿ ಇರ್ತದ. ನಾ ಈ ಮನ್ಯಾಗ ಇನ್ನ ದಿನಾ ತಗೀಬೇಕಾಗೇದ."

ಅವಳು ಬೇಡುತ್ತಿದ್ದಳು. ನಲವತ್ತು ಎಕರೆಯ ಹೆಂಗಸು ಯಾರನ್ನೂ ಏನನ್ನೂ ಬೇಡಿದ್ದನ್ನು ಊರು ಕಂಡಿರಲಿಲ್ಲ. ವತ್ಸಲಾಬಾಯಿಗೆ ಅವಳ ಮೇಲೆ ಕನಿಕರ ಬಂತು, ಹೌದು ಎಂದುಬಿಡುವಷ್ಟು ಕನಿಕರ. ಇಬ್ಬರೂ ಸೇರಿ ಇಟ್ಟುಕೊಂಡರೆ ಈ ಸುಳ್ಳು ಎಷ್ಟು ವರ್ಷ ಬೇಕಾದರೂ ಬಾಳುತ್ತಿತ್ತು. ತಿಂಗಳಿಗೊಮ್ಮೆ ಬಂದು ಚಹಾ ಕುಡಿದು ಹೋಗಬಹುದಿತ್ತು. ಮಾತಾಡಲು ಒಂದು ಮನೆಯಾದರೂ ಆಗುತ್ತಿತ್ತು.

"ಆಕಿ ಒಬ್ಬಾಕಿನ ಇದ್ಲ್ರಿ, ಅಕ್ಕಾರ," ಎಂದಳು. "ನೀವೂ ಇದ್ದಿಲ್ಲ, ನಾನೂ ಬರಲಿಲ್ಲ."

ಜಮಖಾನದ ಅಂಚಿನ ಮೇಲಿದ್ದ ಕಸ್ತೂರಿಬಾಯಿಯ ಕೈ ನಿಂತಿತ್ತು. ಬಿಸಿಲು ಹೊಸ್ತಿಲು ದಾಟಿ ಫರಸಿಯ ಮೇಲೆ ಒಂದು ಗೇಣು ಒಳಗೆ ಸರಿದು ಬಂತು. ಇನ್ನು ಎದ್ದು ಹೋಗಬೇಕು ಎಂದು ವತ್ಸಲಾಬಾಯಿ ಅಂದುಕೊಳ್ಳುವಷ್ಟರಲ್ಲಿ, ಕಸ್ತೂರಿಬಾಯಿ ಕೇಳಿದಳು:

"ಎಷ್ಟ ಸಲ ಕರದ್ಲು?"

"ಎರಡ ಸಲ," ಎಂದಳು ವತ್ಸಲಾಬಾಯಿ. "ಮೊದಲನೇ ಸಲ ಕರದಾಗ ನಾ ತಾರೀಖ ಬರೀಲಿಕ್ಕತ್ತಿದ್ದೆ. ಎರಡನೇ ಸಲ ಕರದಾಗ ಕಟ್ಟಿ ಇಳದಿದ್ದೆ."